ಅಪ್ಪನ ಹೊಲಕ್ಕೆ ಕೋಚಿಂಗ್ ಯಾರು ಕೊಡಬೇಕು?

(ರಜೆಗೆ ಊರಿಗೆ ಹೊರಡುವ ಮುಂಚೆ ವಿದ್ಯಾರ್ಥಿನಿಲಯದ ಗೆಳೆಯರ ಸಭೆಯಲ್ಲಿ ನಮ್ಮ ಅಧ್ಯಯನ ಬಳಗದ ಪರವಾಗಿ ಆಡಿದ ಮಾತುಗಳ ಬರಹರೂಪ)



ಕೋಚಿಂಗ್ ಅನ್ನೋ ಮಾತು ನಮಗೆ ಹೊಸದಲ್ಲ. ಈ ಹಾಸ್ಟೆಲಿನ ಗೋಡೆಗಳೆಲ್ಲ ಅದನ್ನೇ ಕೂಗ್ತಾ ಇವೆ. ಪೊಲೀಸ್ ಪರೀಕ್ಷೆಗೆ ಕೋಚಿಂಗ್, ಬ್ಯಾಂಕ್ ಪರೀಕ್ಷೆಗೆ ಕೋಚಿಂಗ್, ಕೆ.ಎ.ಎಸ್.ಗೆ ಕೋಚಿಂಗ್. ನಾವೂ ಹೋಗ್ತೀವಿ. ಹೋಗಲೇಬೇಕು, ತಪ್ಪೇನಿಲ್ಲ. ಆದರೆ ಒಂದು ಪ್ರಶ್ನೆ ಕೇಳ್ಕೋಬೇಕು. ಆ ಕೋಚಿಂಗಿಗೆ ಕಟ್ಟಿದ ಫೀಸು ಎಲ್ಲಿಂದ ಬಂತು? ನಮ್ಮಲ್ಲಿ ಬಹಳ ಜನಕ್ಕೆ ಅದು ಬಂದದ್ದು ಅರ್ಧ ಎಕರೆ, ಒಂದು ಎಕರೆ ಹೊಲದಿಂದ. ಹೊಲದಿಂದ ಬರದೇ ಇದ್ದಾಗ ನೂರಕ್ಕೆ ಮೂರರ ಬಡ್ಡಿ ಸಾಲದಿಂದ. ನಮ್ಮನ್ನ ಗೆಲ್ಲಿಸೋದಕ್ಕೆ ಊರೂರಿಗೆ ಕೋಚಿಂಗ್ ಸೆಂಟರ್ ಇದೆ. ನಮಗೆ ಫೀಸು ಕೊಟ್ಟ ಅಪ್ಪ ಅಮ್ಮನನ್ನ ಗೆಲ್ಲಿಸೋದಕ್ಕೆ ಯಾರಿದ್ದಾರೆ?

ಇವತ್ತು ನಾವು ಮಾತಾಡೋದು ಅದರ ಬಗ್ಗೆ. ನಾವು ಐದು ಜನ ಒಂದು ವರ್ಷ ಇದನ್ನ ಮಾಡಿ ನೋಡಿದ್ದೇವೆ. ಎಡವಿದ್ದೂ ಹೇಳ್ತೇವೆ, ಕಲಿತದ್ದೂ ಹೇಳ್ತೇವೆ.

ಮೊದಲು ಎಡವಿದ ಕಥೆ. ಹೋದ ವರ್ಷದ ಬೇಸಿಗೆ ರಜೆಯಲ್ಲಿ ನಮ್ಮಲ್ಲೊಬ್ಬನ ಊರಿಗೆ, ಕೋಲಾರದ ಕಡೆಗೆ, ಎಲ್ಲರೂ ಹೋಗಿದ್ದೆವು. ಕೇರಿಯ ಮುಂದಿನ ಹುಣಸೆ ಮರದ ಕೆಳಗೆ ಹತ್ತು ಹದಿನೈದು ಜನ ಹಿರಿಯರನ್ನ ಕೂರಿಸಿ ಭಾಷಣ ಮಾಡಿದೆವು. ಲೆಕ್ಕ ಇಡಬೇಕು, ಮಾರುಕಟ್ಟೆ ತಿಳ್ಕೋಬೇಕು, ವೈಜ್ಞಾನಿಕವಾಗಿ ಬೇಸಾಯ ಮಾಡಬೇಕು ಅಂತೆಲ್ಲ ಒಂದು ಗಂಟೆ ಹೇಳಿದೆವು. ಎಲ್ಲರೂ ತಲೆ ಆಡಿಸಿದರು. ಕೊನೆಗೆ ನಮ್ಮ ಗೆಳೆಯನ ತಂದೆ ಎದ್ದರು. ಅವರನ್ನ ನಾವೆಲ್ಲ ದೊಡ್ಡಪ್ಪ ಅಂತೀವಿ. ಅವರು ಕೇಳಿದ್ದು ಒಂದೇ ಮಾತು: "ಏನ್ರಪ್ಪಾ, ನಾವು ಲೆಕ್ಕ ಬರೀದೇ ಇದ್ದದ್ದಕ್ಕೆ ಬಡವರಾದ್ವಿ ಅಂತ ಹೇಳೋಕೆ ಬಂದ್ರಾ?"

ನಮ್ಮ ಬಾಯಿ ಕಟ್ಟಿಹೋಯ್ತು. ದೊಡ್ಡಪ್ಪನ ಮಾತು ನಿಜ. ನಮ್ಮ ಜನ ಬಡವರಾದದ್ದು ಲೆಕ್ಕ ಬರೀದೇ ಇದ್ದದ್ದಕ್ಕಲ್ಲ. ನೆಲ ಕೊಡಲಿಲ್ಲ, ಕೊಟ್ಟ ನೆಲ ಕಲ್ಲು ಮಟ್ಟಿ, ನೀರಿನ ಹತ್ತಿರದ ನೆಲ ಬೇರೆಯವರದು. ಮಾರ್ಕೆಟ್ಟಿನಲ್ಲಿ ತಕ್ಕಡಿ ಬೇರೆಯವರದು. ಇದನ್ನೆಲ್ಲ ಬಿಟ್ಟು "ನೀವು ಸರಿಯಾಗಿ ಪ್ಲಾನ್ ಮಾಡಲಿಲ್ಲ" ಅಂತ ಹೇಳೋ ಕೋಚಿಂಗ್ ನಮಗೆ ಬೇಡ. ಅದು ಗಾಯದ ಮೇಲೆ ಬರೆ.

ಆವತ್ತು ರಾತ್ರಿ ನಾವು ಚರ್ಚೆ ಮಾಡಿದೆವು. ಹಾಗಾದರೆ ಕೋಚ್ ಅಂದರೆ ಯಾರು? ನಮ್ಮಲ್ಲೊಬ್ಬ ಕಬಡ್ಡಿ ಆಡೋನು. ಅವನು ಹೇಳಿದ: "ನಮ್ ಕೋಚು ಅಂಕಣದ ಒಳಗೆ ಬರೋದಿಲ್ಲ. ಗೆರೆ ಆಚೆ ನಿಂತ್ಕೊಂಡು ನೋಡ್ತಾನೆ. ಆಟ ಮುಗಿದ ಮೇಲೆ, ಎಡಗಾಲು ಯಾಕೆ ಮುಂದಿಟ್ಟೆ ಅಂತ ಕೇಳ್ತಾನೆ. ಆಮೇಲೆ ದಿನಾ ಬರ್ತಾನೆ." ಇದರಲ್ಲೇ ಎಲ್ಲ ಇದೆ. ಆಡೋನು ಆಟಗಾರ. ಕೋಚ್ ನೋಡ್ತಾನೆ, ಕೇಳ್ತಾನೆ, ಮತ್ತೆ ಮತ್ತೆ ಬರ್ತಾನೆ. ನಾವು ಹುಣಸೆ ಮರದ ಕೆಳಗೆ ಮಾಡಿದ್ದು ಇದರಲ್ಲಿ ಒಂದೂ ಅಲ್ಲ. ನೋಡಲಿಲ್ಲ, ಕೇಳಲಿಲ್ಲ, ಹೇಳಿ ಎದ್ದು ಬಂದೆವು.

ನಮ್ಮಂತೆಯೇ ಸರ್ಕಾರವೂ ಬಹಳ ವರ್ಷ ಹೇಳಿ ಎದ್ದು ಬಂದಿದೆ. 1970ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ನಮ್ಮ ದೇಶಕ್ಕೆ "ತರಬೇತಿ ಮತ್ತು ಭೇಟಿ" ಅನ್ನೋ ಪದ್ಧತಿ ಬಂತು. ಮೇಲಿನ ಅಧಿಕಾರಿ ಕೆಳಗಿನವನಿಗೆ ಹೇಳಬೇಕು, ಅವನು ಹದಿನೈದು ದಿನಕ್ಕೊಮ್ಮೆ ಊರಿಗೆ ಬಂದು "ಸಂಪರ್ಕ ರೈತ" ಅನ್ನೋನಿಗೆ ಹೇಳಬೇಕು, ಅವನಿಂದ ಉಳಿದವರಿಗೆಲ್ಲ ಹರಿದು ಬರುತ್ತೆ ಅನ್ನೋ ನಂಬಿಕೆ. ಸಂಪರ್ಕ ರೈತನಾಗಿ ಸಿಗೋನು ಯಾರು? ಬಹುಪಾಲು ಅನುಕೂಲಸ್ಥ, ಜಗಲಿ ಇರೋನು. ಆ ಜಗಲಿಯನ್ನ ನಮ್ಮ ತಾತಂದಿರು ಹತ್ತೋ ಹಾಗಿರಲಿಲ್ಲ. ಹತ್ತದ ಜಗಲಿಯಿಂದ ಜ್ಞಾನ ಹರಿದು ಕೇರಿಗೆ ಬರೋದು ಹೇಗೆ?

ಬೇರೆ ದಾರಿಯೂ ಇದೆ. ಇಂಡೋನೇಷ್ಯಾ ದೇಶದಲ್ಲಿ ಭತ್ತದ ಗದ್ದೆಗಳನ್ನ ಕಂದು ಜಿಗಿಹುಳು ತಿಂದುಹಾಕ್ತಾ ಇತ್ತು. ಔಷಧಿ ಹೊಡೆದಷ್ಟೂ ಹುಳ ಹೆಚ್ಚಾಯ್ತು. ಯಾಕಂದರೆ ಆ ಔಷಧಿ ಹುಳವನ್ನ ತಿನ್ನೋ ಜೇಡವನ್ನೂ ಕೊಲ್ತಾ ಇತ್ತು. 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ 57 ಕೀಟನಾಶಕಗಳನ್ನ ನಿಷೇಧ ಮಾಡಿತು. 1989ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಅಲ್ಲಿ "ರೈತರ ಕ್ಷೇತ್ರ ಪಾಠಶಾಲೆ" ಶುರುವಾಯ್ತು. ಸುಮಾರು ಇಪ್ಪತ್ತೈದು ಜನ ರೈತರು ಒಂದು ಬೆಳೆ ಮುಗಿಯೋ ತನಕ ವಾರಕ್ಕೊಂದು ದಿನ ಗದ್ದೆಗೆ ಇಳಿಯೋದು, ಹುಳ ಎಣಿಸೋದು, ಕಂಡದ್ದನ್ನ ಕಾಗದದ ಮೇಲೆ ಚಿತ್ರ ಬರೆಯೋದು, ಔಷಧಿ ಬೇಕೋ ಬೇಡವೋ ತಾವೇ ತೀರ್ಮಾನ ಮಾಡೋದು. "ಇದೇನು ಹುಳ?" ಅಂತ ರೈತ ಕೇಳಿದರೆ ಮೇಷ್ಟ್ರು ಉತ್ತರ ಹೇಳೋ ಹಾಗಿಲ್ಲ. "ಎಲ್ಲಿ ಸಿಕ್ಕಿತು? ಅದು ಏನು ಮಾಡ್ತಾ ಇತ್ತು?" ಅಂತ ತಿರುಗಿ ಕೇಳಬೇಕು. ಆಮೇಲೆ ಇದೇ ಪದ್ಧತಿಯನ್ನ ಹೊಲದ ವ್ಯಾಪಾರ, ಲೆಕ್ಕ, ಮಾರುಕಟ್ಟೆಗೂ ತಂದು ಬೇರೆ ಬೇರೆ ದೇಶಗಳಲ್ಲಿ ಪಾಠಶಾಲೆ ನಡೆಸಿದರು. ನಮ್ಮ ರಾಜ್ಯದಲ್ಲಿಯೂ 2009ರಲ್ಲಿ ಶುರುವಾದ ಭೂಚೇತನ ಕಾರ್ಯಕ್ರಮದಲ್ಲಿ ಊರಿನವರನ್ನೇ "ರೈತ ಅನುವುಗಾರ" ಅಂತ ನೇಮಿಸಿದರು. ಅನುವುಗಾರ, ಎಂಥ ಒಳ್ಳೆ ಮಾತು ನೋಡಿ. ಅನುವು ಮಾಡಿಕೊಡೋನು. ಆಜ್ಞೆ ಮಾಡೋನಲ್ಲ. ಕೋಚ್ ಅನ್ನೋದಕ್ಕೆ ನಮಗೆ ಈ ಮಾತೇ ಸಾಕು.

ಮಾರನೇ ದಿನ ನಾವು ದೊಡ್ಡಪ್ಪನ ಹತ್ತಿರ ಹೋಗಿ ತಪ್ಪಾಯ್ತು ಅಂದೆವು. "ನಾವು ಹೇಳೋದಿಲ್ಲ. ಈ ಸಲದ ಟೊಮೇಟೊ ಮುಗಿಯೋ ತನಕ ಹದಿನೈದು ದಿನಕ್ಕೊಂದು ಭಾನುವಾರ ಬರ್ತೀವಿ. ಕೇಳ್ತೀವಿ, ಬರ್ಕೋತೀವಿ. ತೀರ್ಮಾನ ನಿಮ್ಮದೇ" ಅಂದೆವು. ದೊಡ್ಡಪ್ಪ ನಕ್ಕರು. ದೊಡ್ಡಮ್ಮ ಮಾತ್ರ "ಬರ್ಲಿ ಬಿಡಿ, ನಂಗೂ ಗೊತ್ತಾಗ್ಬೇಕು ಈ ದುಡ್ಡು ಎಲ್ಲೋಗುತ್ತೆ ಅಂತ" ಅಂದರು.

ಇಲ್ಲಿ ಒಂದು ಸಂಗತಿ ನೋಡಿ. ದೊಡ್ಡಮ್ಮನಿಗೆ ಓದು ಬರೋದಿಲ್ಲ. ಆದರೆ ಹಾಲಿನ ಲೆಕ್ಕ ಅವರ ಬಾಯಲ್ಲಿದೆ. ಡೇರಿಯಲ್ಲಿ ದಿನಾ ಎರಡು ಹೊತ್ತು ಅಳತೆ ಆಗುತ್ತೆ, ಕೊಬ್ಬು ನೋಡ್ತಾರೆ, ಚೀಟಿ ಬರುತ್ತೆ. ಬೂಸಾಕ್ಕೆ ಎಷ್ಟು ಹೋಯ್ತು, ಎಷ್ಟು ಉಳೀತು ಅಂತ ಅವರಿಗೆ ಗೊತ್ತು. ಅಷ್ಟೇ ಅಲ್ಲ, ಅಡುಗೆ ಮನೆ ಗೋಡೆ ಮೇಲೆ ಇದ್ದಿಲಿನಿಂದ ಗೀಟು ಎಳೆದಿದ್ದರು. ಹೊಲಕ್ಕೆ ಹೋದ ದಿನಕ್ಕೆ ಒಂದು ಗೀಟು. ಯಾರೂ ಹೇಳಿಕೊಟ್ಟದ್ದಲ್ಲ. ನಮ್ಮ ಜನಕ್ಕೆ ಲೆಕ್ಕ ಬರೋದಿಲ್ಲ ಅನ್ನೋದು ಸುಳ್ಳು. ಚೀಟಿ ಕೊಡೋ ಕಡೆ ನಮ್ಮ ಜನ ಲೆಕ್ಕ ಇಡ್ತಾರೆ. ಚೀಟಿ ಕೊಡದ ಕಡೆ ಲೆಕ್ಕ ಹೇಗೆ ಇಡೋದು?

ದಸರಾ ರಜೆ ಹೊತ್ತಿಗೆ ಟೊಮೇಟೊ ಮುಗೀತು. ಅರ್ಧ ಎಕರೆ. ನೋಟ್‌ಬುಕ್ಕು ಬಿಚ್ಚಿ ಕೂತೆವು. ಒಂದೊಂದೇ ಓದ್ತೀವಿ, ನೀವೂ ಬರ್ಕೊಳ್ಳಿ. ಮೂರು ಸಾವಿರ ನಾರು, 3,000 ರೂಪಾಯಿ. ಟ್ರ್ಯಾಕ್ಟರ್ ಉಳುಮೆ 2,500. ಗೊಬ್ಬರ 9,000. ಕಡ್ಡಿ ಮತ್ತು ದಾರ 12,000. ಔಷಧಿ 11,000. ಹಣ್ಣು ಕೀಳೋಕೆ ಕೂಲಿ 8,500. ಗಾಡಿ ಬಾಡಿಗೆ, ಇಳಿಸೋ ಕೂಲಿ, ಬಾಕ್ಸಿಗೆ 20ರಂತೆ 500 ಬಾಕ್ಸಿಗೆ 10,000. ಮಂಡಿಯವನ ಹತ್ತಿರ ತಂದ 30,000 ಸಾಲಕ್ಕೆ ನೂರಕ್ಕೆ ಮೂರರಂತೆ ಐದು ತಿಂಗಳ ಬಡ್ಡಿ 4,500. ಒಟ್ಟು ಕೈಯಿಂದ ಹೋದದ್ದು 60,500.

ಬಂದದ್ದು? ಹದಿನೈದು ಕೆ.ಜಿ.ಯ 500 ಬಾಕ್ಸು. ಒಂದು ದಿನ 340, ಒಂದು ದಿನ 80, ಸರಾಸರಿ 190. ಒಟ್ಟು 95,000. ಅದರಲ್ಲಿ ಮಂಡಿಯವನು ನೂರಕ್ಕೆ ಹತ್ತು ದಲಾಲಿ ಹಿಡಿದ, 9,500. ಕೈಗೆ ಬಂದದ್ದು 85,500. ಖರ್ಚು ಕಳೆದರೆ 25,000 ಉಳೀತು.

ದೊಡ್ಡಪ್ಪನ ಮುಖ ಅರಳಿತು. "ನೋಡ್ರಪ್ಪಾ, ಲಾಭ ಇದೆ!" ನಾವು ಏನೂ ಹೇಳಲಿಲ್ಲ. ಒಂದೇ ಪ್ರಶ್ನೆ ಕೇಳಿದೆವು: "ಗೋಡೆ ಮೇಲೆ ಎಷ್ಟು ಗೀಟಿದೆ?" ಎಣಿಸಿದರು. ದೊಡ್ಡಮ್ಮನದು 70 ದಿನ. ದೊಡ್ಡಪ್ಪನದು 60 ದಿನ. "ಈ ದಿನ ನೀವು ಬೇರೆಯವರ ಹೊಲಕ್ಕೆ ಹೋಗಿದ್ರೆ ಎಷ್ಟು ಕೊಡ್ತಿದ್ರು?" ಹೆಂಗಸಿಗೆ 300, ಗಂಡಸಿಗೆ 500. ಅವರಿಗೆ 21,000, ಇವರಿಗೆ 30,000. ಒಟ್ಟು 51,000. ಉಳಿದದ್ದು 25,000.

ಮನೆ ಸುಮ್ಮನಾಯ್ತು. ಕೊನೆಗೆ ದೊಡ್ಡಮ್ಮನೇ ಹೇಳಿದರು: "ಅಂದ್ರೆ ನಮ್ ಹೊಲದಲ್ಲೇ ನಾವು ಅರ್ಧ ಕೂಲಿಗೆ ದುಡ್ದಿದ್ದೀವಿ."

ಅರ್ಧವೂ ಇಲ್ಲ. 25,000 ರೂಪಾಯಿಯನ್ನ 130 ದಿನಕ್ಕೆ ಹಂಚಿದರೆ ದಿನಕ್ಕೆ 192 ರೂಪಾಯಿ. 2024-25ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 349 ಇತ್ತು. ಹೊಲದ ಒಡೆಯನಿಗೆ ಕೂಲಿಗಿಂತ ಕಡಿಮೆ ಕೂಲಿ! ಮನೆಯವರ ದುಡಿಮೆಯನ್ನ ಲೆಕ್ಕಕ್ಕೆ ಹಿಡಿಯೋದು ನಮ್ಮ ತಲೆಯಿಂದ ಬಂದದ್ದಲ್ಲ. ಕೇಂದ್ರ ಸರ್ಕಾರ ಬೆಂಬಲ ಬೆಲೆ ಗೊತ್ತು ಮಾಡುವಾಗಲೂ ಕೈಖರ್ಚಿನ ಜೊತೆಗೆ ಮನೆಯವರ ದುಡಿಮೆಗೆ ಬೆಲೆ ಕಟ್ಟುತ್ತೆ. ರಾಗಿಗೆ 2024-25ರಲ್ಲಿ ಕ್ವಿಂಟಾಲಿಗೆ 4,290 ಅಂತ ಮಾಡಿದ್ದು ಹಾಗೆಯೇ. ಟೊಮೇಟೊಗೆ ಆ ಬೆಂಬಲವೂ ಇಲ್ಲ. ನಮ್ಮ ಮನೆಗಳಲ್ಲಿ ಮಾತ್ರ ಅಮ್ಮನ ದುಡಿಮೆ ಯಾವ ಪುಸ್ತಕದಲ್ಲೂ ಇಲ್ಲ, ಗೋಡೆ ಮೇಲಿನ ಇದ್ದಿಲಲ್ಲಿ ಮಾತ್ರ ಇದೆ. ಸುಣ್ಣ ಹೊಡೆದರೆ ಅದೂ ಹೋಯ್ತು.

ಈ ಲೆಕ್ಕದಿಂದ ಮೂರು ಪ್ರಶ್ನೆ ಹುಟ್ಟಿತು. ಕೋಚಿಂಗ್ ಅಂದರೆ ನಮ್ಮ ಅನುಭವದಲ್ಲಿ ಈ ಮೂರು ಪ್ರಶ್ನೆಗಳೇ.

ಮೊದಲನೇದು, ಎಷ್ಟು ಬಂದರೆ ಹುಟ್ಟುತ್ತೆ? 60,500ನ್ನ 500 ಬಾಕ್ಸಿಗೆ ಹಂಚಿದರೆ 121. ದಲಾಲಿ ಕಳೆದು ಬಾಕ್ಸಿಗೆ 121 ಕೈಗೆ ಬಂದರೆ ಕೈಖರ್ಚು ಹುಟ್ಟಿತು. ಮನೆಯವರ ಕೂಲಿಯೂ ಹುಟ್ಟಬೇಕಾದರೆ 223 ಬೇಕು. ಈ ಎರಡು ಅಂಕಿ ತಲೆಯಲ್ಲಿ ಇಟ್ಟುಕೊಂಡು ಮಾರ್ಕೆಟ್ಟಿಗೆ ಹೋಗೋ ರೈತನೇ ಬೇರೆ, ಕೂಗಿದಷ್ಟು ತಗೊಂಡು ಬರೋ ರೈತನೇ ಬೇರೆ. 2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ ಒಂದು ಬಾಕ್ಸು ಎರಡು ಸಾವಿರ ದಾಟಿತ್ತು. ಆ ಒಂದು ತಿಂಗಳು ಎಲ್ಲರ ಕಣ್ಣಲ್ಲಿ ಕೂತುಬಿಟ್ಟಿದೆ. ಅದನ್ನ ನಂಬಿ ಹಾಕಿದವರು ಲಾಟರಿ ಆಡ್ತಾ ಇದ್ದಾರೆ, ಬೇಸಾಯ ಮಾಡ್ತಾ ಇಲ್ಲ. ಬೆಲೆ ಎಷ್ಟು ಏರಬಹುದು ಅಂತ ಯಾರೂ ಹೇಳಲಾರರು. ನಮಗೆ ಎಷ್ಟು ಬೇಕು ಅನ್ನೋದನ್ನ ನಾವೇ ಹೇಳಬಹುದು.

ಎರಡನೇದು, ಬೆಲೆ ಬಿದ್ದ ದಿನ ಕೀಳಬೇಕಾ ಬಿಡಬೇಕಾ? ಎಷ್ಟೋ ಸಲ ಟೊಮೇಟೊ ತಗೊಂಡು ಹೋಗಿ ರಸ್ತೆಗೆ ಸುರಿದು ಬರ್ತಾರೆ, ಪೇಪರಿನಲ್ಲಿ ಫೋಟೋ ಬರುತ್ತೆ. ಆ ದಿನ ಗಾಡಿ ಬಾಡಿಗೆಯೂ ಹೋಯ್ತು, ಕೀಳೋ ಕೂಲಿಯೂ ಹೋಯ್ತು. ನಾರು, ಗೊಬ್ಬರ, ಔಷಧಿಗೆ ಹಾಕಿದ ದುಡ್ಡು ಮುಳುಗಿದೆ, ಕಿತ್ತರೂ ಬರಲ್ಲ, ಬಿಟ್ಟರೂ ಬರಲ್ಲ. ಆವತ್ತಿನ ತೀರ್ಮಾನಕ್ಕೆ ಬೇಕಾದ್ದು ಇನ್ನು ಮುಂದೆ ಹೋಗೋ ಖರ್ಚು ಮಾತ್ರ. ಕೀಳೋಕೆ ಬಾಕ್ಸಿಗೆ 17, ಸಾಗಿಸೋಕೆ 20, ಒಟ್ಟು 37. ದಲಾಲಿ ಸೇರಿಸಿದರೆ ಬೆಲೆ 41 ರೂಪಾಯಿಗಿಂತ ಮೇಲಿರಬೇಕು. ಇದ್ದರೆ ಕೀಳಿ, ನಷ್ಟ ಅಷ್ಟರಮಟ್ಟಿಗೆ ಕಡಿಮೆ ಆಗುತ್ತೆ. ಇಲ್ಲದಿದ್ದರೆ ಹಸುವಿಗೆ ಹಾಕಿ. ದೊಡ್ಡಪ್ಪ ಈ ಲೆಕ್ಕ ಕೇಳಿ ಬಹಳ ಹೊತ್ತು ಯೋಚನೆ ಮಾಡಿದರು. "ಹಾಕಿದ ದುಡ್ಡಿನ ಮೇಲಿನ ಸಂಕಟಕ್ಕೆ ಇನ್ನೂ ದುಡ್ಡು ಕಳ್ಕೊಂಡಿದ್ದೀನಿ ಎಷ್ಟೋ ಸಲ" ಅಂದರು.

ಮೂರನೇದು, ಒಂದು ಹಣ್ಣೂ ಹೆಚ್ಚು ಬೆಳೆಯದೆ ಎಷ್ಟು ಉಳಿಸಬಹುದು? ದಲಾಲಿ 9,500, ಬಡ್ಡಿ 4,500, ಸೇರಿ 14,000. ಇವೆರಡು ಉಳಿದರೆ ದಿನದ ಗಳಿಕೆ 192ರಿಂದ 300ಕ್ಕೆ ಏರುತ್ತೆ. ಇದಕ್ಕೆ ಹೊಸ ಬೀಜ ಬೇಡ, ಹೊಸ ಔಷಧಿ ಬೇಡ. ಆದರೆ ಇಲ್ಲಿಯೇ ನಿಜವಾದ ಜಗಳ ಇರೋದು.

ಕಾನೂನು ಏನು ಹೇಳುತ್ತೆ? ನಮ್ಮ ರಾಜ್ಯದ ಎಪಿಎಂಸಿ ಮಾರುಕಟ್ಟೆಯಲ್ಲಿ ದಲಾಲಿಯನ್ನ ಕೊಡಬೇಕಾದವನು ಕೊಳ್ಳೋನು, ರೈತ ಅಲ್ಲ. ಆದರೂ ಬಿಳಿ ಚೀಟಿ ಮೇಲೆ ಬರೆದು ರೈತನ ದುಡ್ಡಲ್ಲೇ ಹಿಡೀತಾರೆ. ರೈತ ಯಾಕೆ ಸುಮ್ಮನಿರ್ತಾನೆ? ಸಾಲ ಕೊಟ್ಟವನೂ ಅವನೇ. ನಾಟಿ ಮಾಡೋ ಹೊತ್ತಿಗೆ 30,000 ಕೊಟ್ಟು ಬೆಳೆಯನ್ನ ಕಟ್ಟಿಹಾಕಿದ್ದಾನೆ. ಇ-ನಾಮ್ ಅಂತ 2016ರ ಏಪ್ರಿಲ್ 14ರಂದು, ಬಾಬಾಸಾಹೇಬರು ಹುಟ್ಟಿದ ದಿನವೇ, ಕೇಂದ್ರ ಸರ್ಕಾರ ದೇಶದ ಮಾರುಕಟ್ಟೆಗಳನ್ನ ಕಂಪ್ಯೂಟರಿನಲ್ಲಿ ಜೋಡಿಸೋ ಕೆಲಸ ಶುರು ಮಾಡಿತು. ನಮ್ಮ ರಾಜ್ಯ ಅದಕ್ಕೂ ಮುಂಚೆ 2014ರಲ್ಲೇ ಆ ದಾರಿ ಹಿಡಿದಿತ್ತು. ಒಳ್ಳೆಯದೇ. ಆದರೆ ಸಾಲದ ಹಗ್ಗ ಮಂಡಿಯವನ ಕೈಯಲ್ಲಿದ್ದರೆ ಮೊಬೈಲಿನಲ್ಲಿ ಬೇರೆ ಮಾರುಕಟ್ಟೆಯ ಬೆಲೆ ನೋಡಿ ಏನು ಮಾಡೋದು?

ಹಗ್ಗ ಬಿಚ್ಚಬೇಕಾದರೆ ಬೇರೆ ಕಡೆ ಸಾಲ ಬೇಕು. ನಮ್ಮ ರಾಜ್ಯದಲ್ಲಿ ಸಹಕಾರ ಸಂಘದ ಬೆಳೆ ಸಾಲವನ್ನ ಹೊತ್ತಿಗೆ ಸರಿಯಾಗಿ ಕಟ್ಟಿದರೆ ಬಡ್ಡಿ ಇಲ್ಲ. 2023-24ರಲ್ಲಿ ಆ ಮಿತಿಯನ್ನ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ದೊಡ್ಡಪ್ಪನಿಗೆ ಇದು ಗೊತ್ತಿರಲಿಲ್ಲವಾ? ಗೊತ್ತಿತ್ತು. ಸಂಘಕ್ಕೆ ಹೋಗಿದ್ದರು. ಪಹಣಿ ಇನ್ನೂ ಅವರ ತಾತನ ಹೆಸರಲ್ಲಿದೆ ಅಂತ ವಾಪಸ್ಸು ಕಳಿಸಿದ್ದರು. ಎರಡು ತಲೆಮಾರು ದಾಟಿದರೂ ಪೌತಿ ಖಾತೆ ಆಗಿಲ್ಲ. ಪಹಣಿ ಹೆಸರಿಗಿಲ್ಲದಿದ್ದರೆ ಬೆಳೆ ಸಾಲ ಇಲ್ಲ, ಬೆಂಬಲ ಬೆಲೆಗೆ ರಾಗಿ ಕೊಡೋಕೆ ನೋಂದಣಿ ಇಲ್ಲ, ಬೆಳೆ ಹೋದರೆ ಪರಿಹಾರವೂ ಕಷ್ಟ. ನೂರಕ್ಕೆ ಮೂರರ ಬಡ್ಡಿಯ ಬೇರು ಎಲ್ಲಿತ್ತು ನೋಡಿ. ಹೊಲದಲ್ಲಿ ಅಲ್ಲ, ನಾಡಕಚೇರಿಯ ಕಾಗದದಲ್ಲಿ. ಇದು ಹೊಸ ಕಥೆಯಲ್ಲ. 1883ರಲ್ಲಿ ಮಹಾತ್ಮ ಜೋತಿಬಾ ಫುಲೆಯವರು ರೈತರ ಮೇಲೆ ಪುಸ್ತಕ ಬರೆದಾಗ ಓದು ಬಾರದ ರೈತನನ್ನ ಕಾಗದದಲ್ಲಿ ಹೇಗೆ ಮುಳುಗಿಸ್ತಾರೆ ಅನ್ನೋದನ್ನೇ ಬರೆದರು.

ಇಲ್ಲಿ ನಮ್ಮ ಓದು ಕೆಲಸಕ್ಕೆ ಬಂತು. ವಂಶವೃಕ್ಷ, ಮರಣ ಪ್ರಮಾಣ ಪತ್ರ, ಅರ್ಜಿ. ಚಿಕ್ಕಪ್ಪಂದಿರನ್ನ ಒಟ್ಟಿಗೆ ಕೂರಿಸಿ ಒಪ್ಪಿಸಿದ್ದು ದೊಡ್ಡಮ್ಮ, ಅರ್ಜಿ ತುಂಬಿದ್ದು ನಾವು. ಏಳು ಸಲ ಅಲೆದೆವು. ಇನ್ನೂ ಒಂದು ಗಮನಿಸಿ: ಸರ್ಕಾರದಿಂದ ಮಂಜೂರಾದ ಜಮೀನಾದರೆ 1978ರ ಪರಭಾರೆ ನಿಷೇಧ ಕಾನೂನು, ನಾವೆಲ್ಲ ಪಿ.ಟಿ.ಸಿ.ಎಲ್. ಅನ್ನೋದು, ಆ ನೆಲವನ್ನ ಕಾಯುತ್ತೆ. ಸರ್ಕಾರದ ಅನುಮತಿ ಇಲ್ಲದೆ ಮಾರೋ ಹಾಗಿಲ್ಲ. 2023ರ ತಿದ್ದುಪಡಿಯ ನಂತರ ಕಳೆದುಕೊಂಡ ಜಮೀನು ವಾಪಸ್ಸು ಕೇಳೋ ಅರ್ಜಿಗೆ ಕಾಲಮಿತಿಯೂ ಇಲ್ಲ. ಮನೆಯ ಪೆಟ್ಟಿಗೆಯಲ್ಲಿ ಸಾಗುವಳಿ ಚೀಟಿ ಇದ್ದರೆ ಅದನ್ನ ಜೋಪಾನ ಮಾಡಿ. ಕೋಚಿಂಗಿನ ಮೊದಲ ಪಾಠ ಅದೇ ಅಂದರೂ ತಪ್ಪಲ್ಲ. ನೆಲವೇ ಹೋದರೆ ಯಾವುದರ ಲೆಕ್ಕ ಬರೆಯೋದು?

ಇನ್ನು ದಲಾಲಿಯ ಮಾತು. ಮಂಡಿಯಲ್ಲಿ ಬಿಲ್ಲು ಕೇಳಬೇಕು ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ದೊಡ್ಡಪ್ಪ ಅಲ್ಲಿ ಹೋಗಿ ನಿಂತರೆ ಕೈ ತಾನಾಗಿ ಕಟ್ಟಿಕೊಳ್ಳುತ್ತೆ. "ಏನ್ಲಾ" ಅನ್ನಿಸಿಕೊಂಡು ಬೆಳೆದ ಗಂಟಲಲ್ಲಿ "ಬಿಲ್ಲು ಕೊಡಿ" ಅನ್ನೋ ಎರಡು ಪದ ಹೊರಡೋದಿಲ್ಲ. ಅದು ಅಜ್ಞಾನವಲ್ಲ, ತಲೆಮಾರುಗಳ ಪೆಟ್ಟು. ನಾವು ಏನು ಮಾಡಿದೆವು ಅಂದರೆ ಮನೆಯ ಅಂಗಳದಲ್ಲೇ ಮಂಡಿ ಹೂಡಿದೆವು. ನಮ್ಮಲ್ಲೊಬ್ಬ ಮಂಡಿ ಮಾಲೀಕನಾಗಿ ಮಂಚದ ಮೇಲೆ ಕೂತ. ದೊಡ್ಡಪ್ಪ ಎದುರು ನಿಂತು ಬಿಲ್ಲು ಕೇಳಬೇಕು. ಮೊದಲ ಸಲ ನಕ್ಕುಬಿಟ್ಟರು. ಎರಡನೇ ಸಲ ಧ್ವನಿ ಬರಲಿಲ್ಲ. ಐದನೇ ಸಲ ದೊಡ್ಡಮ್ಮ ಒಳಗಿನಿಂದ ಬಂದು "ಸರೀರೀ, ನಾನ್ ಕೇಳ್ತೀನಿ" ಅಂತ ಮುಂದೆ ನಿಂತು ಕೇಳಿದರು ನೋಡಿ, ನಮ್ಮ ಮಾಲೀಕ ಮಂಚದಿಂದ ಇಳಿದುಬಿಟ್ಟ.

ನಿಜವಾದ ಮಂಡಿಯಲ್ಲಿ ಏನಾಯ್ತು? ಚಳಿಗಾಲದ ಬೀನ್ಸ್ ತಗೊಂಡು ಹೋದಾಗ ದೊಡ್ಡಪ್ಪ ಕೇಳಿದರು. "ಓದೋ ಹುಡುಗ್ರನ್ನ ಹಿಂದೆ ಹಾಕ್ಕೊಂಡು ಬಂದ್ಬಿಟ್ಟಾ?" ಅಂತ ಆ ಮಾಲೀಕ ನಕ್ಕ. ಬಿಲ್ಲು ಕೊಟ್ಟ. ಆದರೆ ಮುಂದಿನ ವಾರ ನಮ್ಮ ಮಾಲನ್ನ ಎಲ್ಲರದೂ ಮುಗಿದ ಮೇಲೆ ಕೂಗಿಸಿದ. ಬಿಸಿಲಿಗೆ ಬಾಡಿತು, ಬೆಲೆ ಬಿತ್ತು. ಸುಳ್ಳು ಹೇಳಿ ನಿಮ್ಮನ್ನ ಹುರಿದುಂಬಿಸೋಕೆ ನಾವು ಬಂದಿಲ್ಲ. ಒಬ್ಬನೇ ಕೇಳಿದರೆ ಹೀಗೇ ಆಗುತ್ತೆ. ಆಮೇಲೆ ಕೇರಿಯ ಐದು ಮನೆಯವರು ಸೇರಿ ಒಂದೇ ಗಾಡಿ ಮಾಡಿ ಬೇರೆ ಮಾರುಕಟ್ಟೆಗೆ ಹೋದರು. ಬಾಡಿಗೆ ಹಂಚಿಹೋಯ್ತು, ಬಿಲ್ಲು ಐದೂ ಜನಕ್ಕೆ ಬಂತು. ಕೋಚಿಂಗ್ ಒಬ್ಬನಿಂದ ಶುರುವಾದರೂ ಒಬ್ಬನಲ್ಲೇ ನಿಂತರೆ ಸೋಲುತ್ತೆ. ಇದು ನಾವು ಪೆಟ್ಟು ತಿಂದು ಕಲಿತದ್ದು.

ಗೆಳೆಯರೆ, ಬಾಬಾಸಾಹೇಬರನ್ನ ನಾವು ಸಂವಿಧಾನ ಬರೆದವರು ಅಂತ ನೆನೀತೀವಿ. ಅವರು ಹೊಲದ ಲೆಕ್ಕವನ್ನೂ ಬರೆದವರು. 1918ರಲ್ಲಿ ಭಾರತದ ಸಣ್ಣ ಹಿಡುವಳಿಗಳ ಮೇಲೆ ಒಂದು ಲೇಖನ ಬರೆದರು. ಹೊಲಗಳು ತುಂಡಾಗಿವೆ, ಒಟ್ಟುಗೂಡಿಸಿ ದೊಡ್ಡದು ಮಾಡಿದರೆ ಸರಿಹೋಗುತ್ತೆ ಅಂತ ಪಂಡಿತರು ಹೇಳ್ತಿದ್ದ ಕಾಲ. ಹಿಡುವಳಿ ಚಿಕ್ಕದೋ ದೊಡ್ಡದೋ ಅನ್ನೋದನ್ನ ಎಕರೆಯಿಂದ ಅಳೆಯಬೇಡಿ ಅಂದರು ಬಾಬಾಸಾಹೇಬರು. ಆ ನೆಲಕ್ಕೆ ಹಾಕೋ ಬಂಡವಾಳ ಎಷ್ಟು, ದುಡಿಮೆ ಎಷ್ಟು, ಸಲಕರಣೆ ಎಷ್ಟು, ಅವುಗಳ ಜೊತೆ ಹೊಂದಿಸಿ ಅಳೆಯಿರಿ. ಬಂಡವಾಳ ಇಲ್ಲದವನಿಗೆ ದೊಡ್ಡ ಹೊಲವೂ ದಂಡ. ನೆಲವನ್ನೇ ನಂಬಿ ಕೂತ ಹೆಚ್ಚುವರಿ ಕೈಗಳಿಗೆ ಕೈಗಾರಿಕೆಯ ಕೆಲಸ ಬೇಕು ಅಂತಲೂ ಅವರು ಹೇಳಿದರು. ನಾವು ದೊಡ್ಡಪ್ಪನ ಮನೆಯಲ್ಲಿ ಕಂಡದ್ದು ಇದನ್ನೇ. ಅರ್ಧ ಎಕರೆಗೆ 130 ದಿನದ ದುಡಿಮೆ ಇತ್ತು, ಬಂಡವಾಳ ಮಂಡಿಯವನದು.

ಇನ್ನೊಂದು ಸಂಗತಿ. ಅಮೆರಿಕದಿಂದ, ಲಂಡನ್ನಿನಿಂದ ಓದಿ ಬಂದ ಬಾಬಾಸಾಹೇಬರು ಮುಂಬಯಿಯಲ್ಲಿ ಹೊಟ್ಟೆಪಾಡಿಗೆ ವ್ಯಾಪಾರಸ್ಥರಿಗೆ ಹಣ ಹೂಡೋ ಬಗ್ಗೆ ಸಲಹೆ ಕೊಡೋ ಕಚೇರಿ ತೆರೆದಿದ್ದರು. ಸಲಹೆಗಾರ ಅಸ್ಪೃಶ್ಯ ಅಂತ ಗೊತ್ತಾದ ಮೇಲೆ ಗಿರಾಕಿಗಳು ಬರೋದು ನಿಲ್ಲಿಸಿದರು. ಆ ಕಾಲದ ಇಂಡಿಯಾದಲ್ಲಿ ಅಷ್ಟು ದೊಡ್ಡ ಅರ್ಥಶಾಸ್ತ್ರಜ್ಞನ ಸಲಹೆ ಬೇಡವಾಯ್ತು. ಇವತ್ತು ನಮ್ಮ ಸಲಹೆಗಾಗಿ ಕಾಯ್ತಾ ಇರೋ ಗಿರಾಕಿಗಳು ನಮ್ಮ ಮನೆಯಲ್ಲೇ ಇದ್ದಾರೆ. ಅವರ ಹತ್ತಿರ ಹೋಗೋಕೆ ನಮಗೆ ಸಂಕೋಚ. ಹಾಸ್ಟೆಲ್ ಸೇರಿದ ಮೇಲೆ ಹೊಲಕ್ಕೆ ಇಳಿಯೋದು ಅವಮಾನ ಅನ್ನೋ ಹುಡುಗರು ನಮ್ಮಲ್ಲೂ ಇದ್ದಾರೆ. ಆ ರೋಗವನ್ನ ಮೊದಲು ನಮ್ಮಿಂದ ತೆಗೀಬೇಕು.

ದೊಡ್ಡಪ್ಪನ ಮನೆ ಈಗ ಹೇಗಿದೆ? ಶ್ರೀಮಂತರಾಗಿಲ್ಲ. ಈ ವರ್ಷ ಟೊಮೇಟೊ ಕಾಲು ಎಕರೆಗೆ ಇಳಿಸಿದ್ದಾರೆ. ಉಳಿದ ಕಾಲು ಎಕರೆಗೆ ಹಸುವಿಗೆ ಮೇವು. ಅದು ದೊಡ್ಡಮ್ಮನ ತೀರ್ಮಾನ, ನಮ್ಮದಲ್ಲ. ನಾವಾಗಿದ್ದರೆ ಬೇರೆ ಏನೋ ಹೇಳ್ತಿದ್ದೆವು. ಖಾತೆ ಆಗಿದೆ, ಸಂಘದ ಸಾಲ ಇನ್ನೂ ಮಂಜೂರಾಗಬೇಕು. ಮಂಡಿಯವನ ಸಾಲ ಹತ್ತು ಸಾವಿರ ಬಾಕಿ ಇದೆ. ನೋಟ್‌ಬುಕ್ಕು ಮಾತ್ರ ನಿಂತಿಲ್ಲ. ಏಳನೇ ಕ್ಲಾಸಿನ ತಂಗಿ ಬರೀತಾಳೆ, ದೊಡ್ಡಮ್ಮ ಹೇಳಿ ಬರೆಸ್ತಾರೆ.

ನಾಳೆ ನೀವೆಲ್ಲ ಊರಿಗೆ ಹೊರಡ್ತೀರಿ. ಒಂದು ನೂರು ಪುಟದ ನೋಟ್‌ಬುಕ್ಕು ತಗೊಂಡು ಹೋಗಿ. ಮೊದಲ ದಿನವೇ ಭಾಷಣ ಮಾಡಬೇಡಿ. ಹೊಲಕ್ಕೆ ಹೋಗಿ, ಅಪ್ಪ ಅಮ್ಮನ ಜೊತೆ ಒಂದು ವಾರ ದುಡಿಯಿರಿ. ಆಮೇಲೆ ಕೇಳಿ. ಕೈಖರ್ಚು ಬರೆಯಿರಿ, ಅಮ್ಮನ ದಿನಗಳನ್ನ ಅಪ್ಪನ ದಿನಗಳ ಪಕ್ಕದಲ್ಲೇ ಬರೆಯಿರಿ, ಬಡ್ಡಿ ಬೇರೆ, ದಲಾಲಿ ಬೇರೆ ಬರೆಯಿರಿ. ಪಹಣಿ ಯಾರ ಹೆಸರಲ್ಲಿದೆ ನೋಡಿ. ಹೊಲವೇ ಇಲ್ಲದ ಮನೆಯಾದರೆ ಕೂಲಿಯ ಲೆಕ್ಕ ಬರೆಯಿರಿ, ಕುರಿ ಇದ್ದರೆ ಕುರಿಯದು. ತೀರ್ಮಾನ ಅವರಿಗೆ ಬಿಡಿ. ಮತ್ತೆ ಹೋಗಿ. ಮರಳಿ ಬಂದ ಮೇಲೆ ಆ ನೋಟ್‌ಬುಕ್ಕುಗಳನ್ನೆಲ್ಲ ಇದೇ ಕೋಣೆಯಲ್ಲಿ ಒಟ್ಟಿಗೆ ಬಿಚ್ಚೋಣ. ಐವತ್ತು ಮನೆಯ ಲೆಕ್ಕ ಒಂದೇ ಕಡೆ ಸೇರಿದರೆ ಯಾವ ಮಾರುಕಟ್ಟೆಯಲ್ಲಿ ಎಷ್ಟು ದಲಾಲಿ ಹಿಡೀತಾರೆ, ಯಾವ ಊರಲ್ಲಿ ಎಷ್ಟು ಖಾತೆ ಆಗಿಲ್ಲ ಅಂತ ಕಣ್ಣಿಗೆ ಕಾಣುತ್ತೆ. ಆವಾಗ ಅದು ಒಂದು ಮನೆಯ ದುಃಖ ಆಗಿ ಉಳಿಯಲ್ಲ, ತಾಲ್ಲೂಕು ಕಚೇರಿ ಮುಂದೆ ಇಡೋ ಪ್ರಶ್ನೆ ಆಗುತ್ತೆ.

ಹೊರಡೋ ಮುಂಚೆ ಊರಿಗೊಂದು ಫೋನ್ ಮಾಡಿ ಹೇಳಿ: ಗೋಡೆಗೆ ಈಗಲೇ ಸುಣ್ಣ ಹೊಡೀಬೇಡಿ, ನಾವು ಬಂದು ಗೀಟು ಎಣಿಸ್ತೀವಿ ಅಂತ.